ರೋಜೆನ್ ಹೇಳಿದ ಸುಳ್ಳು

ಮಾರ್ಚ್ 4, ಬೆಳಿಗ್ಗೆ

ನರ್ಸ್ ಮನೆಗೆ ಬಂದು ಹೋದಳು. ಬ್ಯಾಂಡೇಜ್ ಬದಲಾಯಿತು. ಗಾಯ ಒಣಗುತ್ತಿದೆಯಂತೆ. ಒಮ್ಮೆ ನೋಡಿಕೊಳ್ಳಿ ಅಂದಳು. ನೋಡಲಿಲ್ಲ. ಕಿಟಕಿಯಾಚೆ ಬಂದರಿನ ದೋಣಿಗಳನ್ನೇ ನೋಡುತ್ತ ಕೂತೆ. ಎಡಗೈಯಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಕೋಳಿ ಕೆದರಿದ ಹಾಗಿವೆ. ಯಾರು ಓದಬೇಕು... ಇರಲಿ.

ಬಲಗೈಯ ಕಿರುಬೆರಳು, ಉಂಗುರಬೆರಳು ಇಲ್ಲ. ನಡುಬೆರಳು ಅರ್ಧ. ಇಲ್ಲದ ಬೆರಳೇ ಹೆಚ್ಚು ತುರಿಸುವುದು.

ಕಾಫಿ ಡಬ್ಬಿಯ ಮುಚ್ಚಳವನ್ನು ಹಲ್ಲಿನಲ್ಲಿ ಕಚ್ಚಿ ತೆಗೆದೆ. ಅರ್ಧ ಪುಡಿ ನೆಲಕ್ಕೆ.

ಮಾರ್ಚ್ 6

ತುಗ್ದುವಾಲ್ ಬಂದಿದ್ದ. ಹೂವು ತಂದಿದ್ದ. ಜೊತೆಗೆ ನಮ್ಮದೇ ಬೆಣ್ಣೆ ಬಿಸ್ಕತ್ತಿನ ಡಬ್ಬಿ.

ಶಾಲೆಯಲ್ಲಿ ಪಕ್ಕದ ಬೆಂಚಿನಲ್ಲಿ ಕೂರುತ್ತಿದ್ದವನು. ಈಗ ನನ್ನ ಯಜಮಾನ. ಅಪ್ಪನಿಂದ ಬಂದ ಬಿಸ್ಕತ್ತು ಕಾರ್ಖಾನೆ. ಕಾರ್ಖಾನೆ ಎನ್ನುವುದೂ ಹೆಚ್ಚಾಯಿತು. ಬಂದರಿನ ಹಿಂದಿನ ಓಣಿಯಲ್ಲಿ ಒಂದು ಉದ್ದನೆಯ ಕೋಣೆ, ಒಂದು ದೊಡ್ಡ ಒಲೆ, ಬೆರಳೆಣಿಕೆಯ ಜನ. ಬೆರಳೆಣಿಕೆ! ಈ ಮಾತನ್ನು ಇನ್ನು ಬರೆಯಬಾರದು.

ಕೂತ, ಎದ್ದ, ಮತ್ತೆ ಕೂತ. ಆಸ್ಪತ್ರೆಯಲ್ಲಿ ಯಾರಿಗೆ ಏನು ಹೇಳಿದೆ ಎಂದು ಕೇಳಿದ. ನಡೆದದ್ದನ್ನು ಹೇಳಿದೆ ಅಂದೆ. ಮುಖ ಬಿಳಿಚಿಕೊಂಡಿತು.

ನಡೆದದ್ದು ಇಷ್ಟೇ. ಹಿಟ್ಟು ಲಟ್ಟಿಸುವ ಯಂತ್ರಕ್ಕೆ ಎರಡು ಉರುಳೆ. ಕೈ ಒಳಗೆ ಹೋಗದ ಹಾಗೆ ಅವುಗಳ ಮುಂದೆ ಕಬ್ಬಿಣದ ಜಾಲರಿ. ಜಾಲರಿ ಇದ್ದರೆ ಹಿಟ್ಟು ನಿಧಾನ. ಜನವರಿಯಲ್ಲಿ ದೊಡ್ಡ ಸೂಪರ್‌ಮಾರ್ಕೆಟ್‌ನವರು ಆರ್ಡರ್ ದುಪ್ಪಟ್ಟು ಮಾಡಿದರು. ಮರುದಿನವೇ ತುಗ್ದುವಾಲ್ ಸ್ಕ್ರೂಡ್ರೈವರ್ ತಂದು ಜಾಲರಿ ಬಿಚ್ಚಿ ಗೋಡೆಯ ಮೊಳೆಗೆ ನೇತುಹಾಕಿದ. ಎಲ್ಲರೂ ನೋಡುತ್ತಿದ್ದೆವು. ಚಿಕ್ಕಂದಿನ ಗೆಳತಿ ರೋಜೆನ್ ನನ್ನ ಪಕ್ಕದಲ್ಲೇ ಇದ್ದಳು. ಫೆಬ್ರುವರಿಯಲ್ಲಿ ನನ್ನ ಅಂಗಿಯ ತೋಳು ಹಿಟ್ಟಿನ ಜೊತೆ ಒಳಗೆ ಹೋಯಿತು, ಹಿಂದೆಯೇ ಕೈ.

ಹೋಗುವಾಗ ಬಾಗಿಲಲ್ಲಿ ನಿಂತು ಅಂದ, "ನೋಡು ಗ್ವೆನೋಲಾ, ಅಂಗಡಿ ಮುಚ್ಚಿದ್ರೆ ಎಲ್ರೂ ಬೀದಿಗೆ ಬರ್ತೀವಿ. ಅವಸರದಲ್ಲಿ ನೀನೇ ಜಾಲರಿ ಬಿಚ್ಚಿದೆ ಅಂತ ಹೇಳಿಬಿಡು. ನಿನಗೆ ಬರೋ ಪರಿಹಾರ ಬಂದೇ ಬರುತ್ತೆ."

ಹೂವು ತಗೊಂಡು ಹೋಗು ಅಂದೆ. ತಗೊಂಡು ಹೋದ.

ಮಾರ್ಚ್ 15

ಒಲೆಯ ಕೆಲಸದ ಫಾಂಶ್ ಮುದುಕ ಮಸ್ಸೆಲ್ ಚಿಪ್ಪುಮೀನು ತಂದುಕೊಟ್ಟ. ಒಂದು ಬಕೆಟ್ ತುಂಬ. ಬಿಡಿಸುವವರು ಯಾರು — ಅವನೇ ಕೂತು ಬಿಡಿಸಿದ. ಎಲ್ಲ ಬಿಡಿಸಿದ ಮೇಲೆ ಮಾತು ತೆಗೆದ.

ಕಾರ್ಮಿಕ ಇನ್‌ಸ್ಪೆಕ್ಟರ್ ಬಂದಿದ್ದರಂತೆ. ಮೇಡಂ ಕೆರ್ವೆಲ್ಲಾ ಎಂಬ ಹೆಂಗಸು. ಅವರು ಬರುವ ವೇಳೆಗೆ ಜಾಲರಿ ಯಂತ್ರದ ಮೇಲಿತ್ತು, ಹೊಸದಾಗಿ ಎಣ್ಣೆ ಬೇರೆ ಹಾಕಿತ್ತು. ಒಬ್ಬೊಬ್ಬರನ್ನೇ ಕೇಳಿದರಂತೆ. ಜಾಲರಿ ಯಾವಾಗಲೂ ಇರುತ್ತದೆ, ಆ ದಿನ ಗ್ವೆನೋಲಾಳೇ ಬಿಚ್ಚಿರಬೇಕು ಎಂದರಂತೆ ಉಳಿದವರೆಲ್ಲ. ತಾನು ಒಲೆಯ ಕಡೆ ಇದ್ದೆ, ಏನೂ ಕಾಣಲಿಲ್ಲ ಅಂದೆ ಎಂದು ಫಾಂಶ್ ತಲೆ ತಗ್ಗಿಸಿದ.

ಮತ್ತೆ? ಅಂದೆ.

"ರೋಜೆನ್ ಇನ್ನೊಂದು ಮಾತು ಹೇಳಿದ್ಲು. ಆ ದಿನ ಊಟದ ಹೊತ್ತಲ್ಲಿ ನಿನ್ನ ಬಾಯಲ್ಲಿ ಸೈಡರ್ ಹೆಂಡದ ವಾಸನೆ ಇತ್ತು ಅಂತ."

ಮಸ್ಸೆಲ್ ಬಕೆಟ್ಟಿಗೆ ಕಾಲಿನಿಂದ ಒದ್ದೆ. ನೀರೆಲ್ಲ ಫಾಂಶನ ಬೂಟಿಗೆ. ಅವನು ಒರೆಸಿಕೊಳ್ಳದೆ ಎದ್ದು ಹೋದ.

ನಾನು ಕುಡಿಯುವುದಿಲ್ಲ. ಯಾಕೆ ಕುಡಿಯುವುದಿಲ್ಲ ಎಂದು ಈ ಊರಲ್ಲಿ ಎಲ್ಲರಿಗೂ ಗೊತ್ತು. ಅಪ್ಪ ಕುಡಿದು ಬಂದರಿನ ಕಟ್ಟೆಯಿಂದ ಜಾರಿ ಸತ್ತ. ಹೆಣ ಮೇಲೆತ್ತಿದಾಗ ನನ್ನ ಕಣ್ಣು ಮುಚ್ಚಿದ ಕೈ ರೋಜೆನ್‌ಳದು. ಇಬ್ಬರಿಗೂ ಆಗ ಫ್ರಾಕು ಹಾಕುವ ವಯಸ್ಸು.

ಹುಡುಕಿ ಹುಡುಕಿ ಆ ಜಾಗಕ್ಕೇ ಚುಚ್ಚಿದ್ದಾಳೆ.

ಮಾರ್ಚ್ 16

ತುಗ್ದುವಾಲ್, ರೋಜೆನ್, ಹಾಳಾಗಿ ಹೋಗಲಿ. ಇಬ್ಬರೂ.

ಏಪ್ರಿಲ್ 9

ಕಂಪನಿ ವೈದ್ಯರು ಪರೀಕ್ಷೆ ಮಾಡಿದರು. ಯಂತ್ರದ ಕೆಲಸ ಇನ್ನು ಸಾಧ್ಯವಿಲ್ಲ. ಬೇರೆ ಕೆಲಸ ಕೊಡಬಹುದು ಎಂದು ಯಜಮಾನನಿಗೆ ಬರೆಯುತ್ತಾರಂತೆ. ಪ್ಯಾಕಿಂಗ್ ಮೇಜಿನ ಕೆಲಸ ಮಾಡಬಲ್ಲೆ, ಡಬ್ಬಿಗೆ ರಿಬ್ಬನ್ ಕಟ್ಟುವುದು ಎಡಗೈಗೂ ಬರುತ್ತದೆ. ಸಂಜೆ ಫೋನಿನಲ್ಲಿ ತುಗ್ದುವಾಲ್ ಅಂದ, ಪ್ಯಾಕಿಂಗಿಗೆ ಜನ ಇದ್ದಾರೆ, ನಿನಗೆ ಜಾಗವಿಲ್ಲ.

ಮೇಡಂ ಕೆರ್ವೆಲ್ಲಾ ಮನೆಗೆ ಬಂದಿದ್ದರು. ಕುಳ್ಳಗೆ, ಗಂಡಸರ ಕೋಟು, ಒದ್ದೆ ಛತ್ರಿ. ನನ್ನ ಮಾತು ಪೂರ್ತಿ ಕೇಳಿದರು. ನಿಮ್ಮ ಮಾತಿಗೆ ಎದುರಾಗಿ ಅವರೆಲ್ಲರ ಮಾತಿದೆ, ನನಗೆ ಸಾಕ್ಷಿ ಬೇಕು ಅಂದರು. ಆಮೇಲೆ ಎದ್ದು ಹೋಗುವವರು ಮತ್ತೊಂದು ವಿಷಯ ಹೇಳಿದರು. ಇಂಥ ಸಣ್ಣ ಕಾರ್ಖಾನೆಗಳಿಗೆಂದೇ ಸಹಾಯವಿದೆಯಂತೆ. ಜಾಲರಿ ಮುಚ್ಚದೆ ಶುರುವೇ ಆಗದಂಥ, ವೇಗವಾಗಿ ಓಡುವ ಹೊಸ ಯಂತ್ರ ತಗೊಂಡರೆ ಬಹುಪಾಲು ಖರ್ಚನ್ನು ಕಾರ್ಮಿಕರ ಅಪಘಾತ ವಿಮೆಯವರೇ ಕೊಡುತ್ತಾರಂತೆ. ಪಕ್ಕದ ಊರಿನ ಬೇಕರಿಯವನು ಹಾಗೇ ತಗೊಂಡಿದ್ದಾನಂತೆ.

ತುಗ್ದುವಾಲ್‌ಗೆ ಗೊತ್ತಿರಲಿಲ್ಲವೇ ಎಂದು ಕೇಳಿದೆ.

"ನಮ್ಮ ಕಚೇರಿಯವರು ಅವರಿಗೆ ಎರಡು ಸಲ ಹೇಳಿದ್ರು. ಸರ್ಕಾರದವರನ್ನ ಒಳಗೆ ಬಿಟ್ಕೊಂಡ್ರೆ ಆಮೇಲೆ ಅವರು ಹೊರಗೆ ಹೋಗಲ್ಲ ಅಂದ್ರಂತೆ."

ಒಂದು ಫೋನ್ ಮಾಡಿದ್ದರೆ ಸಾಕಿತ್ತು. ಸೊಕ್ಕಿಗೆ ಮಾಡಲಿಲ್ಲ. ನನ್ನ ಬೆರಳು ಅವನ ಸೊಕ್ಕಿನ ಬೆಲೆ.

ಏಪ್ರಿಲ್ 23

ಬೇಕೆಂದೇ ಹಿಂದಿನ ಓಣಿಯಲ್ಲಿ ನಡೆದೆ. ಒಲೆಯ ಸೆಖೆಗೆ ಹಿಂಬಾಗಿಲು ತೆರೆದಿತ್ತು. ಕಂಡಿತು. ನನ್ನ ಜಾಗದಲ್ಲಿ ರೋಜೆನ್. ಅಂಗಿಯ ತೋಳು ಮಡಿಸಿ ಉರುಳೆಗೆ ಹಿಟ್ಟು ಕೊಡುತ್ತಿದ್ದಾಳೆ. ಜಾಲರಿ ಮೊಳೆಯಲ್ಲಿ ನೇತಾಡುತ್ತಿದೆ.

ಮೇಡಂ ಹೋದ ಮೇಲೆ ಮತ್ತೆ ಬಿಚ್ಚಿದ್ದಾರೆ.

ಮನೆಗೆ ಬಂದು ಫೋನ್ ಕೈಗೆತ್ತಿಕೊಂಡೆ. ಕೆಳಗಿಟ್ಟೆ.

ಏಪ್ರಿಲ್ 24

ಫೋನ್ ಮಾಡಲಿಲ್ಲ. ಇಲ್ಲಿ ಯಾರೂ ಓದುವುದಿಲ್ಲ, ಹಾಗಾಗಿ ಬರೆಯುತ್ತೇನೆ — ಕಾಯುತ್ತಿದ್ದೇನೆ. ಒಂದು ದಿನ ಅವಳ ಕೈಯೂ ಹೋಗಲಿ. ಆಗ ಯಾರ ಬಾಯಲ್ಲಿ ಏನು ವಾಸನೆ ಎಂದು ಕೇಳುತ್ತೇನೆ. ಇದನ್ನು ಯೋಚಿಸುತ್ತ ಸೂಪು ಕುಡಿದೆ. ಎಷ್ಟೋ ದಿನದ ಮೇಲೆ ರುಚಿ ಗೊತ್ತಾಯಿತು.

ಏಪ್ರಿಲ್ 26, ಭಾನುವಾರ

ಚರ್ಚಿನ ಮೆಟ್ಟಿಲ ಮೇಲೆ ರೋಜೆನ್ ಎದುರಾದಳು. ಕೈಗೆ ಕೈಗವಸು ಹಾಕುತ್ತಿದ್ದಳು, ಒಂದೊಂದೇ ಬೆರಳು ಎಳೆದು. ನನ್ನನ್ನು ನೋಡಿ ನಿಲ್ಲಿಸಿದಳು. ಏನೋ ಹೇಳಲು ಬಾಯಿ ತೆರೆದಳು. ನಾನು ಪಕ್ಕದಿಂದ ಹಾದು ಹೋದೆ. ಇನ್ನು ಅವಳ ಜೊತೆ ಮಾತಿಲ್ಲ. ಸಾಯುವವರೆಗೂ.

ಸಂಜೆ

ಒಂದು ಯೋಚನೆ ಬಂದು ಸಿಟ್ಟು ಇನ್ನೂ ಏರಿತು. ಅವಳ ಬೆರಳು ಹೋದರೆ ಊರು ಅವಳಿಗಾಗಿ ಅಳುತ್ತದೆ. ಪಾಪ ರೋಜೆನ್, ಮನೆಯಲ್ಲಿ ಕಾಯಿಲೆಯ ಗಂಡ ಬೇರೆ... ಹೂವು, ಸೂಪು, ಚರ್ಚಿನಲ್ಲಿ ಪ್ರಾರ್ಥನೆ. ಆ ಕಣ್ಣೀರು ನನಗೆ ಸೇರಬೇಕಾದದ್ದು. ಅವಳಿಗೆ ಯಾಕೆ ಬಿಟ್ಟುಕೊಡಲಿ?

ಅವಳ ಕೈ ಉಳಿಯಲಿ. ಆ ಕೈ ಇಟ್ಟುಕೊಂಡೇ ಅವಳು ತಲೆ ತಗ್ಗಿಸಬೇಕು.

ನಾಳೆ ಮೇಡಂಗೆ ಫೋನ್.

ಏಪ್ರಿಲ್ 27

ಹೇಳಿದೆ. ಮುಂಬಾಗಿಲ ಗಂಟೆ ಒತ್ತಬೇಡಿ, ಗಂಟೆ ಕೇಳಿದ ತಕ್ಷಣ ಜಾಲರಿ ಏರುತ್ತದೆ. ಹಿಂದಿನ ಓಣಿಯಿಂದ ಹೋಗಿ. ಬೆಳಿಗ್ಗೆಯ ಹಿಟ್ಟಿನ ಹೊತ್ತಿಗೆ ಹೋಗಿ. ಇಷ್ಟೇ.

ಮೇ 5

ಓಣಿಯ ತುದಿಯಲ್ಲಿ ಮೀನಿನ ಬುಟ್ಟಿಗಳ ಮರೆಯಲ್ಲಿ ನಿಂತು ನೋಡಿದೆ. ಮೇಡಂ ಕೆರ್ವೆಲ್ಲಾ ಹಿಂಬಾಗಿಲಿಂದ ಒಳಗೆ ಹೋದರು, ಛತ್ರಿ ಸಮೇತ. ಉರುಳೆಯ ಸದ್ದು ನಿಂತಿತು. ಆಮೇಲೆ ತುಗ್ದುವಾಲ್‌ನ ಗಂಟಲು. ಆಮೇಲೆ ಅದೂ ನಿಂತಿತು.

ಯಂತ್ರಕ್ಕೆ ಸೀಲು. ಬಿಚ್ಚಲು ಬರುವ ಜಾಲರಿ ಸಾಲದು, ಯಂತ್ರವನ್ನೇ ಸರಿಪಡಿಸುವವರೆಗೂ ಮುಟ್ಟುವ ಹಾಗಿಲ್ಲ. ಅಷ್ಟು ದಿನ ಕೆಲಸವಿಲ್ಲದಿದ್ದರೂ ಎಲ್ಲರಿಗೂ ಸಂಬಳ ಕೊಡಲೇಬೇಕು, ಕಾನೂನು ಹಾಗಿದೆ. ಬೇಸಿಗೆಯ ಪ್ರವಾಸಿಗರು ಬರುವ ಮುಂಚೆ, ವರ್ಷದ ದೊಡ್ಡ ಆರ್ಡರಿನ ಮಧ್ಯೆ.

ಮನೆಗೆ ಬಂದು ಬೆಣ್ಣೆ ಜಾಸ್ತಿ ಹಾಕಿ ತೆಳ್ಳನೆ ಕ್ರೇಪ್ ದೋಸೆ ಮಾಡಿದೆ. ಎಡಗೈಯಲ್ಲೇ ಮಗುಚಿದೆ. ಒಂದೂ ಹರಿಯಲಿಲ್ಲ.

ಮೇ 11

ಬಾಗಿಲು ಬಡಿದ ರೀತಿಯಲ್ಲೇ ಗೊತ್ತಾಯಿತು, ತುಗ್ದುವಾಲ್. ಗಡ್ಡ ಬೋಳಿಸಿರಲಿಲ್ಲ. ಒಳಗೆ ಕರೆಯಲಿಲ್ಲ. ಹೊಸ್ತಿಲ ಆಚೆ ಅವನು, ಈಚೆ ನಾನು.

ಬೈಯುತ್ತಾನೆ ಅಂದುಕೊಂಡಿದ್ದೆ. ಬೈಯಲಿಲ್ಲ. ಸೂಪರ್‌ಮಾರ್ಕೆಟ್‌ನವರು ಕೈಬಿಟ್ಟರಂತೆ. ಪ್ರತಿ ವರ್ಷ ಬೆಲೆ ಇಳಿಸು ಎನ್ನುತ್ತಿದ್ದರಂತೆ. ಬೆಣ್ಣೆ ದುಬಾರಿ, ಕರೆಂಟು ದುಬಾರಿ, ಆದರೂ ಇಳಿಸು. ಇಲ್ಲದಿದ್ದರೆ ಪೋಲೆಂಡಿನಿಂದ ತರಿಸುತ್ತೇವೆ ಎನ್ನುತ್ತಿದ್ದರಂತೆ. ಹೇಳುತ್ತ ಹೇಳುತ್ತ ಅವನ ದನಿ ಶಾಲೆಯ ಹುಡುಗನದಾಯಿತು.

"ವರ್ಷಾ ವರ್ಷ ನನ್ನ ಕುತ್ತಿಗೆ ಹಿಸುಕಿದ್ರು ಗ್ವೆನೋಲಾ. ಅವರ ಕುತ್ತಿಗೆ ನನ್ನ ಕೈಗೆ ಎಟುಕೋದಿಲ್ಲ."

"ಅದಕ್ಕೆ ನನ್ನ ಕೈ ಎಟುಕ್ತಾ?" ಅಂದೆ.

ಬಾಗಿಲು ಹಾಕಿದೆ. ಒಳಗಿನಿಂದ ಕಿವಿಗೊಟ್ಟೆ. ಬಹಳ ಹೊತ್ತು ಅವನ ಹೆಜ್ಜೆ ಕೇಳಿಸಲಿಲ್ಲ.

ಅವನು ಹೇಳಿದ್ದು ನಿಜ. ನಿಜವಾಗಿದ್ದಕ್ಕೇ ಇನ್ನೂ ಸಿಟ್ಟು. ನಿಜ ಹೇಳುವ ಬಾಯಿ ಇತ್ತಲ್ಲ, ಮಾರ್ಚಿನಲ್ಲಿ ಎಲ್ಲಿ ಹೋಗಿತ್ತು?

ಸೆಪ್ಟೆಂಬರ್ 19

ಬಹಳ ದಿನ ಬರೆಯಲಿಲ್ಲ. ಬರೆಯುವಂಥದ್ದು ಏನಿತ್ತು... ಕೈಗೆ ವ್ಯಾಯಾಮ. ವಕೀಲರ ಹತ್ತಿರ ಓಡಾಟ. ನನ್ನ ಕೇಸು ನಿಧಾನ, ಇನ್ನೂ ವರ್ಷಗಟ್ಟಲೆ ಎಳೆಯುತ್ತದಂತೆ.

ಯಂತ್ರ ಸರಿ ಮಾಡಿಸಲು ತುಗ್ದುವಾಲ್‌ಗೆ ಆಗಲಿಲ್ಲ. ಕಾರ್ಖಾನೆ ದಿವಾಳಿಯೆದ್ದು ವಾಣಿಜ್ಯ ಕೋರ್ಟಿನ ಕೈಗೆ ಹೋಗಿದೆ. ಕೊಳ್ಳುವವರು ಸಿಗದಿದ್ದರೆ ಮುಚ್ಚುತ್ತಾರೆ. ಬ್ರೆಡ್ ಅಂಗಡಿಯವಳು ಇವತ್ತು ನನ್ನ ಕೈಗೆ ಚಿಲ್ಲರೆ ಕೊಡದೆ ಗಲ್ಲಾಪೆಟ್ಟಿಗೆಯ ಮೇಲೆ ಇಟ್ಟಳು. ಹಿಂದಿದ್ದ ಗಂಡಸು ಎಲ್ಲರಿಗೂ ಕೇಳುವ ಹಾಗೆ ಅಂದ, "ಎರಡು ಬೆರಳಿಗೆ ಇಷ್ಟು ಮನೆ ಒಲೆ ಆರಿಸಿದ್ಲು."

ತಿರುಗಿ ನಿಂತು ಅರ್ಧ ಬೆರಳನ್ನು ಅವನ ಮೂಗಿನ ಮುಂದೆ ಹಿಡಿದೆ. ಎರಡೂವರೆ ಅಂದೆ.

ಅಕ್ಟೋಬರ್ 8

ಲೆ ಗಾಲ್ ಎಂಬಾತ ಬಂದಿದ್ದ. ಕಾರ್ಮಿಕರ ಸಹಕಾರಿ ಸಂಘಗಳ ಒಕ್ಕೂಟದವನು. ಫಾಂಶ್ ಕರೆದುಕೊಂಡು ಬಂದ. ಕೆಲಸದವರೇ ಸೇರಿ ಕಾರ್ಖಾನೆ ವಹಿಸಿಕೊಳ್ಳಬಹುದಂತೆ. ಎಲ್ಲರೂ ಪಾಲುದಾರರು, ಒಬ್ಬರಿಗೆ ಒಂದು ಮತ. ಪುರಸಭೆ ಕೋಣೆಯ ಬಾಡಿಗೆ ಇಳಿಸುತ್ತದೆ, ಹೊಸ ಯಂತ್ರಕ್ಕೆ ಆ ಸಹಾಯ ಸಿಗುತ್ತದೆ — ಅದೇ ಸಹಾಯ. ಸೂಪರ್‌ಮಾರ್ಕೆಟ್ ಬೇಡ, ಸಣ್ಣ ಅಂಗಡಿಗಳಿಗೂ ಶಾಲೆಗಳಿಗೂ ಮಾರುವುದು.

ನನ್ನ ಹತ್ತಿರ ಯಾಕೆ ಬಂದಿರಿ ಎಂದೆ.

"ನಿಮ್ಮ ಮಾತನ್ನ ಸುಳ್ಳು ಮಾಡಿದ ಜನ ಇವರು. ಇವರ ಕೈಗೆ ಯಂತ್ರ ಕೊಡಿ ಅಂತ ನಾನೊಬ್ಬನೇ ಹೇಳಿದ್ರೆ ಕೋರ್ಟು ನಂಬಲ್ಲ. ನೀವು ಜೊತೆಗೆ ನಿಂತ್ರೆ ನಂಬುತ್ತೆ."

ಹಾಗಾದರೆ ಈಗ ಎಲ್ಲರ ಕುತ್ತಿಗೆ ನನ್ನ ಕೈಯಲ್ಲಿದೆ. ಯೋಚಿಸಿ ಹೇಳುತ್ತೇನೆ ಅಂದೆ. ಯೋಚಿಸುವುದೇನೂ ಇರಲಿಲ್ಲ. ಸ್ವಲ್ಪ ದಿನ ಹಾಗೇ ಹಿಡಿದುಕೊಂಡಿರಬೇಕು ಅನಿಸಿತು.

ಅಕ್ಟೋಬರ್ 14

ರೋಜೆನ್ ಬಂದಿದ್ದಳು. ಮಳೆಯಲ್ಲಿ ನೆನೆದು ಮೆಟ್ಟಿಲ ಮೇಲೆ ನಿಂತಿದ್ದಳು. ಜೊತೆಗೆ ಫಾಂಶ್. ಮಾತಾಡುವುದಿಲ್ಲ ಎಂದು ಶಪಥ ಮಾಡಿದ್ದೇನಲ್ಲ, ಫಾಂಶನನ್ನೇ ನೋಡುತ್ತ ಅವಳಿಗೆ ಹೇಳಬೇಕಾದ್ದನ್ನು ಹೇಳಿದೆ. ಅವನು ಪಾಪ, ನಡುವೆ ಗೋಡೆಯ ಹಾಗೆ ನಿಂತ.

ತುಗ್ದುವಾಲ್ ಹೇಳಿಸಿದ್ದಂತೆ. ಮುಂದಿನ ತಿಂಗಳು ಯಾರನ್ನೋ ಕೆಲಸದಿಂದ ತೆಗೆಯಬೇಕು, ಯಾರು ಎಂದು ಇನ್ನೂ ತೀರ್ಮಾನ ಮಾಡಿಲ್ಲ ಅಂದನಂತೆ. ಗಂಡ ಹಾಸಿಗೆ ಹಿಡಿದಿದ್ದಾನೆ, ತನ್ನೊಬ್ಬಳ ಸಂಬಳ... ಜಾಲರಿಯ ಸುಳ್ಳು ಅವನು ಕಲಿಸಿದ್ದು ಎಂದಳು.

ಸೈಡರಿನ ಮಾತು ಯಾರು ಕಲಿಸಿದರು ಕೇಳು ಎಂದೆ ಫಾಂಶನಿಗೆ.

ಅವಳು ಮುಖದ ಮಳೆನೀರು ಒರೆಸಿಕೊಂಡಳು.

"ಅದು ನನ್ನದೇ. ಮೇಡಂ ನಂಬ್ತಾ ಇರ್ಲಿಲ್ಲ. ಏನು ಹೇಳಿದ್ರೆ ನಂಬ್ತಾರೆ ಅಂತ ಯೋಚ್ನೆ ಮಾಡ್ದೆ. ಬಾಯಿಗೆ ಅದು ಬಂತು."

ಫಾಂಶನಿಗೆ ಹೇಳಿದೆ: ನಾನು ಕೋರ್ಟಿನಲ್ಲಿ ಜೊತೆ ನಿಲ್ಲುತ್ತೇನೆ. ಆದರೆ ಶನಿವಾರ ಸಂತೆಯಲ್ಲಿ, ಮೀನಿನ ಕಟ್ಟೆಯ ಹತ್ತಿರ, ಊರೆಲ್ಲ ಇರುವಾಗ, ಆ ಮಾತನ್ನು ಅವಳು ವಾಪಸು ತೆಗೆದುಕೊಳ್ಳಬೇಕು. ಮೇಡಂ ಹತ್ತಿರ ಹೇಳಿದ್ದನ್ನೂ. ಪಿಸುಮಾತು ನಡೆಯುವುದಿಲ್ಲ.

"ಇಷ್ಟು ಗಟ್ಟಿ ಆಗ್ಬೇಡ ಮಾರಾಯ್ತಿ," ಅಂದ ಫಾಂಶ್. ನಿನ್ನ ಬೂಟು ಒಣಗಿತಾ ಎಂದು ಕೇಳಿ ಬಾಗಿಲು ಹಾಕಿದೆ.

ಅಕ್ಟೋಬರ್ 17, ಶನಿವಾರ

ಬರುವುದಿಲ್ಲ ಅಂದುಕೊಂಡಿದ್ದೆ. ಬಂದಳು. ಒಳ್ಳೆಯ ಕೋಟು ಹಾಕಿಕೊಂಡು ಬಂದಿದ್ದಳು, ಸಾವಿನ ಮನೆಗೆ ಹೋಗುವಾಗ ಹಾಕುತ್ತಾಳಲ್ಲ, ಅದು. ಮೀನಿನವಳು ತಕ್ಕಡಿ ಕೈಯಲ್ಲೇ ಹಿಡಿದು ನಿಂತಳು. ಬ್ರೆಡ್ ಅಂಗಡಿಯವಳೂ ಇದ್ದಳು. ಒಳ್ಳೆಯದಾಯಿತು.

ಗಟ್ಟಿ ಧ್ವನಿ ಅವಳದಲ್ಲ. ಮೊದಲ ಸಲ ಯಾರಿಗೂ ಕೇಳಿಸಲಿಲ್ಲ. ಹಿಂದಿನಿಂದ ಯಾರೋ ಏನಂತೆ ಎಂದರು. ಮತ್ತೆ ಹೇಳಿದಳು.

"ಗ್ವೆನೋಲಾ ಕುಡಿದಿರ್ಲಿಲ್ಲ. ಅವಳು ಯಾವತ್ತೂ ಕುಡಿದವಳಲ್ಲ. ಜಾಲರಿ ಬಿಚ್ಚಿದ್ದು ಯಜಮಾನ್ರು, ನಾನು ಪಕ್ಕದಲ್ಲೇ ಇದ್ದೆ. ನಾನು ಸುಳ್ಳು ಹೇಳ್ದೆ."

ಗಾಳಿಗೆ ಗುಡಾರದ ಬಟ್ಟೆ ಪಟಪಟ ಅನ್ನುತ್ತಿತ್ತು. ಅವಳು ನನ್ನ ಕಡೆ ನೋಡಿದಳು — ಸಾಕಾ ಎಂದು ಕೇಳುವ ಹಾಗೆ. ತಲೆ ಅಲ್ಲಾಡಿಸಲಿಲ್ಲ. ಮಸ್ಸೆಲ್ ಕೊಳ್ಳುವವಳ ಹಾಗೆ ಬಾಗಿ ಬುಟ್ಟಿ ನೋಡಿದೆ. ಅವಳು ಬರಿಯ ಚೀಲ ಹಿಡಿದು ಹೊರಟು ಹೋದಳು. ಜನ ದಾರಿ ಬಿಟ್ಟರು.

ಸಿಹಿಯಾಗಿತ್ತು. ಇಲ್ಲಿ ಸುಳ್ಳು ಬರೆಯುವುದಿಲ್ಲ. ತುಂಬಾ ಸಿಹಿಯಾಗಿತ್ತು. ಸಂಜೆಯವರೆಗೂ ಬಾಯಲ್ಲಿತ್ತು.

ಅವಳು ಸೋಮವಾರ ಮೇಡಂ ಕೆರ್ವೆಲ್ಲಾ ಹತ್ತಿರವೂ ಹೋಗುತ್ತಾಳಂತೆ. ಹೋಗಲಿ. ಮಾತಂತೂ ಆಡುವುದಿಲ್ಲ. ಸಂತೆ ಅವಳ ಸಾಲಕ್ಕೆ ಬಡ್ಡಿ ಅಷ್ಟೇ.

ಡಿಸೆಂಬರ್ 2

ಕೋರ್ಟು ಒಪ್ಪಿತು. ಕಾರ್ಖಾನೆ ನಮ್ಮದು. ನನಗೆ ಯಂತ್ರಗಳ ಸುರಕ್ಷತೆಯ ಜವಾಬ್ದಾರಿ, ಪ್ಯಾಕಿಂಗ್ ಮೇಜು ಕೂಡ. ಎಲ್ಲರೂ ಒಬ್ಬರನ್ನೊಬ್ಬರು ತಬ್ಬಿಕೊಂಡರು. ರೋಜೆನ್ ಮತ್ತು ನಾನು ಕೋಣೆಯ ಎರಡು ತುದಿಯಲ್ಲಿ.

ಫೆಬ್ರುವರಿ 11

ಹೊಸ ಯಂತ್ರ ಬಂತು. ರೋಜೆನ್ ದಿನವೂ ಗುಡ್ ಮಾರ್ನಿಂಗ್ ಹೇಳುತ್ತಾಳೆ. ನಾನು ದಿನವೂ ರಿಬ್ಬನ್ ಕತ್ತರಿಸುತ್ತೇನೆ. ಫಾಂಶನಿಗೆ ಈ ಆಟ ಸಾಕಾಗಿದೆ. ನನಗೆ ಸಾಕಾಗಿಲ್ಲ.

ಮಾರ್ಚ್ 3

ಸಭೆ. ತುಗ್ದುವಾಲ್ ಕೆಲಸ ಕೇಳಿದ್ದಾನೆ. ಮನೆ ಮಾರಿದ್ದಾನೆ, ಈ ವಯಸ್ಸಿಗೆ ಯಾರೂ ತೆಗೆದುಕೊಳ್ಳುತ್ತಿಲ್ಲ. ಮಗಳ ಊರಿಗೆ ಹೊರಟು ಹೋಗುತ್ತಾನಂತೆ, ಇಲ್ಲಿ ಸಿಗದಿದ್ದರೆ. ಅರ್ಧ ಜನ ಬೇಕು ಅಂದರು, ಅರ್ಧ ಬೇಡ. ಎಲ್ಲರೂ ನನ್ನ ಕಡೆ ತಿರುಗಿದರು.

ಬರಲಿ ಅಂದೆ. ಲಟ್ಟಿಸುವ ಯಂತ್ರಕ್ಕೆ.

ನಿನ್ನ ಮನಸ್ಸು ದೊಡ್ಡದು ಎಂದು ಫಾಂಶ್ ಕಣ್ಣೊರೆಸಿಕೊಂಡ. ದೊಡ್ಡದೂ ಇಲ್ಲ, ಗಿಡ್ಡದೂ ಇಲ್ಲ. ಮಗಳ ಊರಿಗೆ ಹೋದರೆ ಅವನು ನನ್ನ ಕಣ್ಣಿಗೆ ಬೀಳುವುದಿಲ್ಲ. ಇಲ್ಲಿದ್ದರೆ ದಿನವೂ ಬೀಳುತ್ತಾನೆ. ಅವನ ಕಣ್ಣಿಗೆ ನನ್ನ ಕೈಯೂ.

ಮಾರ್ಚ್ 9

ಅವನ ಮೊದಲ ದಿನ. ಹೊಸ ಏಪ್ರನ್, ಮಡಿಕೆ ಇನ್ನೂ ಬಿಚ್ಚಿರಲಿಲ್ಲ. ಸಂಬಳಕ್ಕೆ, ವಿಶ್ರಾಂತಿಗೆ, ರಜೆಗೆ ನಮಗೆಲ್ಲ ಏನಿದೆಯೋ ಅದೇ ಅವನಿಗೂ. ಅದರಲ್ಲಿ ನಾನು ಒಂದಿಷ್ಟೂ ಮೋಸ ಮಾಡಲಿಲ್ಲ. ಅವನು ನಮಗೆ ಮಾಡಿದ್ದನ್ನು ನಾವು ಅವನಿಗೆ ಮಾಡುವುದಿಲ್ಲ, ಇದು ತಿಳಿದು ಅವನು ಸಾಯಲಿ.

ಯಂತ್ರದ ಮುಂದೆ ನಿಂತ. ಹಸಿರು ಗುಂಡಿ ಒತ್ತಿದ. ಏನೂ ಇಲ್ಲ. ಮತ್ತೆ ಒತ್ತಿದ. ಪ್ಲಗ್ ನೋಡಿದ. ಬಾಗಿ ಕೆಳಗೆ ನೋಡಿದ. ಮತ್ತೆ ಒತ್ತಿದ. ಜಾಲರಿ ಒಂದಿಷ್ಟು ತೆರೆದಿತ್ತು. ಅದು ಮುಚ್ಚದೆ ಈ ಯಂತ್ರ ಉಸಿರಾಡುವುದಿಲ್ಲ. ಎಲ್ಲರಿಗೂ ಗೊತ್ತು. ಯಾರೂ ಹೇಳಲಿಲ್ಲ. ಪ್ಯಾಕಿಂಗ್ ಮೇಜಿನಲ್ಲಿ ಯಾರೋ ಕಿಸಕ್ಕೆಂದರು. ಅವನ ಕಿವಿ ಕೆಂಪಾಯಿತು. ಕತ್ತರಿ ಕೆಳಗಿಟ್ಟು ಕೈಕಟ್ಟಿ ನೋಡುತ್ತ ನಿಂತೆ. ಒಂದು ವರ್ಷ ಕಾದಿದ್ದು ಈ ನೋಟಕ್ಕೆ.

ಅಷ್ಟರಲ್ಲಿ ಕರುಣೆ ಬಂತು ನೋಡು ಇವಳಿಗೆ — ರೋಜೆನ್ ಓಡಿ ಬಂದು ಜಾಲರಿಗೆ ಕೈ ಹಾಕಿದಳು, ಮುಚ್ಚಿಕೊಡಲು. ನನ್ನ ಸುಖಕ್ಕೆ ಕಲ್ಲು ಬೀಳುತ್ತಿತ್ತು. ತಡೆಯಲಾಗಲಿಲ್ಲ.

"ಬಿಡೇ ರೋಜೆನ್. ಅವನೇ ಕಲೀಲಿ."

ಫಾಂಶ್ ಒಲೆಯ ಬಾಗಿಲು ಹಿಡಿದು ಹಾಗೇ ನಿಂತ. ತುಗ್ದುವಾಲ್‌ಗೆ ಮಾತ್ರ ಏನಾಯಿತೆಂದು ಗೊತ್ತಾಗಲಿಲ್ಲ. ನನಗೂ ಆಮೇಲೆಯೇ ಗೊತ್ತಾದದ್ದು.

ರೋಜೆನ್ ಜಾಲರಿಯಿಂದ ಕೈ ತೆಗೆದಳು. ನಿಧಾನಕ್ಕೆ ತಿರುಗಿದಳು.

"ನನ್ ಜೊತೆ ಮಾತಾಡ್ದ್ಯಾ?"

ಇಲ್ಲ ಎನ್ನಬೇಕಿತ್ತು. ಕತ್ತರಿ ಎತ್ತಿಕೊಂಡು ರಿಬ್ಬನ್ ಕತ್ತರಿಸಬೇಕಿತ್ತು. ಬಾಯಿ ತೆರೆದೆ, ಇಲ್ಲ ಎನ್ನಲೆಂದೇ ತೆರೆದೆ, ಆದರೆ ಬಂದದ್ದು ಬೇರೆ ಮಾತು, "ಹೋಗೇ, ಹಿಟ್ಟು ಒಣಗ್ತಾ ಇದೆ."